ಇಲಿಗೆ ಕಂಡ ಗೋಡೆ

ಪಳಕ್ಕನೆ ಫ್ಲ್ಯಾಶ್ ಮಿಂಚಿದ್ದೇ ತಡ, ಶಿಗೆಜೊ ತಲೆಯ ಮೇಲೆ ಕೈ ಹೊತ್ತು ಕೂತ. "ಕೆಡಿಸಿದೆಯಲ್ಲೇ!"

"ನಮ್ಮ ಇಲಿ ಚೆಂದ ಓಡ್ತಿತ್ತು, ಒಂದು ಫೋಟೋ ಇರ್ಲಿ ಅಂತ..." ಎಂದಳು ಹೆಂಡತಿ ಕಿನುಯೊ, ಕ್ಯಾಮೆರಾ ಕೆಳಗಿಳಿಸುತ್ತ.

ಎಂಬತ್ತಮೂರನೇ ಇಸವಿಯ ಒಸಾಕಾದ ಸ್ಪರ್ಧೆ. ಗಾಲಿಗಳ ಮೇಲೆ ಓಡುವ ಯಂತ್ರದ ಇಲಿ ಹಲಗೆಯ ಚಕ್ರವ್ಯೂಹದ ಮೂಲೆಯಿಂದ ಹೊರಟು ನಟ್ಟನಡುವಿನ ಚೌಕ ಮುಟ್ಟಬೇಕು. ಮೊದಲ ಸುತ್ತಿನಲ್ಲಿ ಶಿಗೆಜೊನ ಇಲಿ ಸಂದುಗೊಂದೆಲ್ಲ ಮೂಸಿ, ಎಲ್ಲಿಂದ ಎಷ್ಟು ಹೆಜ್ಜೆ ಎಂದು ಲೆಕ್ಕ ಹಾಕಿಟ್ಟುಕೊಂಡಿತ್ತು. ಈಗಿನದು ಗಡಿಯಾರದ ಓಟ, ಅದೂ ಕೊನೆಯದು. ಹೊಲಿಗೆ ಯಂತ್ರ ರಿಪೇರಿ ಮಾಡುವ ಶಿಗೆಜೊ ಮೂರು ವರ್ಷದಿಂದ ಪ್ರೊಫೆಸರ್ ಒನೊದೆರಾರ ಇಲಿಗೆ ಸೋಲುತ್ತಲೇ ಬಂದಿದ್ದ. ಈ ಸಲವೂ ಅವರದು ಇಪ್ಪತ್ತೊಂದು ಸೆಕೆಂಡಿಗೆ ಮುಟ್ಟಿ ಕೂತಿತ್ತು.

ಇಲಿಗಿದ್ದದ್ದು ಬೆಳಕು ನೋಡಿ ಗೋಡೆ ಗುರುತಿಸುವ ಕಣ್ಣು. ಫ್ಲ್ಯಾಶಿಗೆ ಅದು ಮೋಸಹೋಗಿ, ಬಯಲಿದ್ದ ಕಡೆ ಗೋಡೆ ಕಂಡಿತು. ಗಕ್ಕನೆ ನಿಂತು, ಲೆಕ್ಕವನ್ನೆಲ್ಲ ಹೊಸದಾಗಿ ಹಾಕಿ, ಹತ್ತಿರದ ದಾರಿ ಬಿಟ್ಟು ಹೊರಗೋಡೆಯ ಪಕ್ಕದ ಸುತ್ತುದಾರಿ ಹಿಡಿಯಿತು.

"ಎಲ್ಲಿಗ್ರೀ ಹೊರಟಿತು ಇದು?"

"ಊರು ಸುತ್ತೋಕೆ! ಇನ್ನೊಂದು ಫೋಟೋ ತೆಗಿ, ಸೀದಾ ಮನೆಗೇ ಹೋಗುತ್ತೆ."

ಆದರೆ ಹತ್ತಿರದ ದಾರಿಯಲ್ಲಿ ಹದಿನಾಲ್ಕು ತಿರುವು; ಒಂದೊಂದರಲ್ಲೂ ನಿಂತು ತಿರುಗಬೇಕು. ಸುತ್ತುದಾರಿಯಲ್ಲಿ ಮೂರೇ. ಇಲಿ ಬಾಲಕ್ಕೆ ಬೆಂಕಿ ಬಿದ್ದಂತೆ ಓಡಿತು. ಗಡಿಯಾರ ಹದಿನೇಳಕ್ಕೆ ನಿಂತಿತು.

ಚಪ್ಪಾಳೆಯ ನಡುವೆ ಒನೊದೆರಾ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಕೈಯಲ್ಲಿ ಪುಸ್ತಕ, ಪೆನ್ನು. "ಉದ್ದದ ದಾರೀಲೇ ಬೇಗ ಮುಟ್ಟಬಹುದು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೀಲಿಲ್ಲ. ನಿಮಗೆ ಹೇಗೆ ಹೊಳೀತು?"

ಶಿಗೆಜೊ ಗಂಟಲು ಸರಿಮಾಡಿಕೊಂಡ. ಇಂಥದೊಂದು ಪ್ರಶ್ನೆಗೆ ಅವನು ಮೂರು ವರ್ಷ ಕಾದಿದ್ದ. ದೊಡ್ಡ ಮಾತೊಂದು ನಾಲಗೆಯ ತುದಿಗೂ ಬಂತು. ಅಷ್ಟರಲ್ಲಿ, ಕ್ಯಾಮೆರಾವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ ಕಿನುಯೊ ಕಣ್ಣಿಗೆ ಬಿದ್ದಳು.

"ನನಗೆಲ್ಲಿ ಹೊಳೀತು ಮೇಷ್ಟ್ರೇ! ಇವಳು ಫೋಟೋ ತೆಗೆದಳು, ಇಲಿ ದಾರಿ ತಪ್ಪಿತು."

ತೀರ್ಪುಗಾರರು ನಿಯಮದ ಪುಸ್ತಕ ತಿರುವಿಹಾಕಿದರು. ಫ್ಲ್ಯಾಶಿನಿಂದ ಇಲಿ ಸೋತರೆ ಮತ್ತೊಂದು ಓಟ ಕೊಡಬೇಕು ಎಂದಿತ್ತು. ಗೆದ್ದರೆ ಏನು ಮಾಡಬೇಕೆಂದು ಇರಲಿಲ್ಲ. ಗೆಲುವು ಶಿಗೆಜೊನದೇ ಆಯಿತು.

ಒನೊದೆರಾ ಮಾತ್ರ ಇನ್ನೂ ಪೆನ್ನು ಹಿಡಿದೇ ನಿಂತಿದ್ದರು. "ಅಂದ್ರೆ, ಹತ್ತಿರದ ದಾರಿ ನಿಮ್ಮ ಇಲಿಗೂ ಗೊತ್ತಿತ್ತಾ?"

"ಚೆನ್ನಾಗಿ ಗೊತ್ತಿತ್ತು ಮೇಷ್ಟ್ರೇ. ಇಷ್ಟು ವರ್ಷ ಸೋತಿದ್ದೇ ಅದಕ್ಕೆ."