ನಾಚಿಕೆ ಬಿಟ್ಟ ಮಾವ

ನಂಬದೆ ಇರಿ, ನೋಡೋಣ! ಹೊಳೆನರಸೀಪುರದಲ್ಲಿ ಚರ್ಚಿನ ಫಾದರ್ ಕೊಡೆಯೊಳಗೆ ಕಪ್ಪೆ ಬಿಟ್ಟೂ ಸಿಕ್ಕಿಬೀಳದ ಹುಡುಗ ನಾನೊಬ್ಬನೇ. ಅಂಥ ನನ್ನ ಬಾಯನ್ನೂ ಒಂದು ಮಧ್ಯಾಹ್ನ ಸೋದರಮಾವ ಮುಚ್ಚಿಸಿದ. ಮರುಗ ಸೇರಿಸಿ ಕಟ್ಟಿದ ಮಲ್ಲಿಗೆ ಈಗಲೂ ಘಮ್ಮೆಂದರೆ ನನಗೆ ಅದೇ ನೆನಪು.

ಮಾವ ಚರ್ಚಿನಲ್ಲಿ ಮಕ್ಕಳಿಗೆ ಉಪದೇಶ ಹೇಳುತ್ತಿದ್ದ. “ದೇವ್ರು ಮದ್ವೆ ಗಂಡು, ನಾವೆಲ್ಲ ಅವ್ನ ಬುಟ್ಟು ಓಡೋಗೋ ಹೆಣ್ಣು ಕಣ್ರಲಾ,” ಎನ್ನುತ್ತಿದ್ದ. ಅವನ ಹೆಂಡತಿ, ನಮ್ಮತ್ತೆ, ಹಳೇಕೋಟೆಯಲ್ಲಿ ಬೇರೊಬ್ಬನ ಮನೆ ಸೇರಿದ್ದಳು. ಆ ಭಾನುವಾರ ಪೂಜೆ ಮುಗಿದ ಮೇಲೆ ಮಾವ ಒದ್ದೆ ಬಾಳೆಲೆಯಲ್ಲಿ ಹೂ ಸುತ್ತಿಕೊಂಡು, ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಅಲ್ಲಿಗೆ ಹೊರಟ.

ಅತ್ತೆ ಅರ್ಧ ಬಾಗಿಲು ತೆರೆದಳು. “ತಿರ್ಗಾ ಬಂದ್ಯಾ? ಮಾನ ಮರ್ವಾದೆ ಇಲ್ವಾ ನಿಂಗೆ?”

“ಕರ್ಕಂಡೋಗಾನ ಅಂತ ಬಂದೆ ಕಣಮ್ಮಿ,” ಎಂದು ಮಾವ ಹೂ ಚಾಚಿದ.

ಅವಳು ಹೂ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು.

ವಾಪಸು ಬರುವಾಗ ನಾನು ಕೆಣಕಿದೆ. “ನಾಚ್ಕೆ ಆಗಾಕಿಲ್ವಾ ಮಾವ?”

“ದೇವ್ರು ನಾಚ್ಕಂಡಿದ್ರೆ ನಮ್ ಬಾಗ್ಲಿಗೆ ಬತ್ತಿದ್ನೇನ್ಲಾ?” ಎಂದು ಮಾವ ಸೈಕಲ್ ತುಳಿದ. ಅವನ ಗಲ್ಲದಿಂದ ನನ್ನ ನೆತ್ತಿಗೆ ಹನಿ ಬೀಳುತ್ತಿತ್ತು. ಬಿಸಿಲಿಗೆ ಬೆವರು ಎಂದುಕೊಂಡೆ.

ಈ ಕತೆಯಲ್ಲಿ ನಾನು ಸೇರಿಸಿದ ಸುಳ್ಳು ಒಂದೇ. ಅತ್ತೆ ಆ ಹೂ ತೆಗೆದುಕೊಳ್ಳಲೇ ಇಲ್ಲ.