ನಾಲ್ಕನೇ ಪಂಜರದ ಪಂಕ್ತಿ

ನಾಲ್ಕನೇ ಪಂಜರದಡಿಯ ಬಿಳಿ ಕಾಗದದ ಮೇಲೆ ಒಂದು ಕಲೆಯೂ ಇರಲಿಲ್ಲ. ಗುಲ್ನಾಜ್ ಅದನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದಳು. ಭೇದಿ ನಿಲ್ಲಿಸುವ, ಕ್ಯಾರಬ್ ಎಂಬ ವಿದೇಶಿ ಮರದ ಕಾಯಿಯ ರಸವನ್ನು ಒಂದು ವಾರದಿಂದ ಮೂರು ಪಂಜರಗಳ ಇಲಿಗಳಿಗೆ ಮಾತ್ರ ಹಾಕಿಸುತ್ತಿದ್ದಳು. ನಾಲ್ಕನೆಯದಕ್ಕೆ ಬರೀ ನೀರು. ಈ ಬೆಳಿಗ್ಗೆ ಎಲ್ಲಕ್ಕೂ ಹರಳೆಣ್ಣೆ ಕುಡಿಸಿದ್ದಳು. ನಾಲ್ಕನೆಯದರ ಇಲಿಗಳು ಭೇದಿ ಮಾಡಿಕೊಂಡರಷ್ಟೇ ಅವಳ ಸಂಶೋಧನಾ ಪ್ರಬಂಧಕ್ಕೆ ಬೆಲೆ.

"ದಾಕ್ಷಾಯಿಣಮ್ಮ, ಇವಕ್ಕೇನು ಕೊಟ್ರಿ?"

ಇಲಿಗಳನ್ನು ನೋಡಿಕೊಳ್ಳುವ ದಾಕ್ಷಾಯಿಣಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ಎಲ್ಲಾವಕ್ಕೂ ಆ ರಸನೇ ಕೊಟ್ಟೆ ಕಣವ್ವ. ಸಿರಿಗೆರೆ ಕಡೆಯೋಳು ನಾನು, ದಾಸೋಹದಾಗೆ ಬಡಿಸಿದ ಕೈ ಇದು. ಮೂರು ಸಾಲಿಗೆ ಪಾಯ್ಸ, ನಾಕನೇ ಸಾಲಿಗೆ ನೀರು ಅಂದ್ರೆ ಮನ್ಸು ಒಪ್ತೈತಾ?"

ಗುಲ್ನಾಜ್ ತಲೆಯ ಮೇಲೆ ಕೈಹೊತ್ತು ಕುಳಿತಳು. "ಅದು ಪಾಯ್ಸ ಅಲ್ಲ, ಔಷಧಿ! ತಗಂಡ್ರೆ ಅಪಾಯ ಐತೋ ಇಲ್ವೋ ಅಂತ ಇನ್ನೂ ನೋಡ್ತಿದೀವಿ!"

"ನಾನು ಬಾಯಿಗೆ ಹಾಕ್ಕಂಡು ನೋಡ್ದೆ ಬ್ಯಾರೇರಿಗೆ ಬಡಿಸ್ತೀನಾ? ದಿನಾ ಮೊದ್ಲು ಅರ್ಧ ಲೋಟ ನಾನೇ ಕುಡ್ದೆ."

ಗುಲ್ನಾಜ್ ಗಾಬರಿಯಿಂದ ಎದ್ದು ನಿಂತಳು. "ಮೈಗೇನೂ ತೊಂದ್ರೆ ಆಗ್ಲಿಲ್ವಾ?"

ದಾಕ್ಷಾಯಿಣಮ್ಮ ಬಾಗಿಲ ಕಡೆ ನೋಡಿ, ಹತ್ತಿರ ಬಂದು ದನಿ ತಗ್ಗಿಸಿದರು.

"ಮೂರು ದಿನ ಆತು, ಕಕ್ಕಸ್ಸಿನ ಕಡೆ ತಲೆ ಹಾಕಿಲ್ಲ. ಆ ಹರಳೆಣ್ಣೆ ಒಂದೀಟು ಉಳಿದೈತೇನವ್ವ?"