ಎಮ್ಮೆ ಉಂಡ ಶಾವಿಗೆ

ಅಂಗಳದಲ್ಲಿ ಹಗ್ಗದ ಹೊರಸಿನ ಮೇಲೆ ಬಿಸಿಲಿಗೆ ಹರವಿದ ಶಾವಿಗೆಯ ಎಳೆಗಳನ್ನು ನಂದಾ ಬೆರಳ ತುದಿಯಿಂದ ಬಿಡಿಸುತ್ತಿದ್ದಳು. ಒಳಗಿನಿಂದ ಹಾಲು ಉಕ್ಕಿ ಸೀದ ವಾಸನೆ ಬಂತು. ಓಡಿಹೋಗಿ ಒಲೆ ಆರಿಸಿ, ಕಟ್ಟೆ ಒರೆಸಿ ಅಂಗಳಕ್ಕೆ ಮರಳುವಷ್ಟರಲ್ಲಿ ಬಾಜೂ ಮನೆಯ ಶಹನಾಜಬಿಯ ಎಮ್ಮೆ ಹೊರಸಿಗೆ ಬಾಯಿ ಹಾಕಿ ನಿಂತಿತ್ತು. ಶಾವಿಗೆ ಅಷ್ಟೂ ಹೊಟ್ಟೆ ಸೇರಿ, ಉಳಿದ ನಾಲ್ಕು ಎಳೆ ಬಿಳಿ ಗಡ್ಡದ ಹಾಗೆ ಅದರ ಬಾಯಿಂದ ಇಳಿಬಿದ್ದಿದ್ದವು.

"ಅತ್ತೀ, ಓಡಿ ಬರ್ರಿ! ನಮ್ಮಪ್ಪಗಂತ ಮಾಡಿದ ಶಾವಿಗಿ ಹೋತು!"

ಅತ್ತೆ ಸುಂದ್ರವ್ವ ಓಡಲಿಲ್ಲ, ನಡೆದು ಬಂದಳು. ಎಮ್ಮೆಯನ್ನೊಮ್ಮೆ, ಹೊರಸನ್ನೊಮ್ಮೆ ನೋಡಿ ತಿರುಗಿ ಒಳಗೆ ಹೋದಳು. ಮತ್ತೆ ಬಂದಾಗ ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಬೆಲ್ಲದ ಹೆಂಟೆ. ನಾಗನೂರಿನಲ್ಲಿ ಬಾಗಿಲಿಗೆ ಬಂದವರಿಗೆ ಮೊದಲು ಬೆಲ್ಲ-ನೀರು, ಮಾತುಕತೆ ಆಮೇಲೆ. ಸುಂದ್ರವ್ವನ ಲೆಕ್ಕದಲ್ಲಿ ಮನೆಗೆ ಬಂದ ತ್ರಾಸೂ ಬೀಗರೇ. ಹೋದ ಮಳೆಗಾಲದಲ್ಲಿ ಹಿತ್ತಲ ಗೋಡೆ ಕುಸಿದಾಗಲೂ ಆಕೆ ಮೊದಲು ಬೆಲ್ಲ ಕಡಿದು ನೀರು ಕುಡಿದಿದ್ದಳು, ಗೌಂಡಿಗೆ ಹೇಳಿಕಳಿಸಿದ್ದು ಆಮೇಲೆ.

"ಬಡಿಗಿ ತರಾಕ ಹೋಗೀರಿ ಅಂತ ನಾ ತಿಳಕೊಂಡ್ರ, ಇದೇನ್ರಿ ಅತ್ತಿ!"

"ಬಂದವರಿಗೆ ಬಡಿಗಿ ತೋರಸ್ತಾರೇನ?" ಸುಂದ್ರವ್ವ ಹೆಂಟೆಯನ್ನು ಎಮ್ಮೆಯ ಬಾಯಿಗೆ ಹಿಡಿದಳು. "ಶಾವಿಗಿ ತಿಂದೈತಿ, ಹಾಲು ಅದರ ಹತ್ರನ ಐತಿ. ಬೆಲ್ಲ ಒಂದ ಕಮ್ಮಿ ಇತ್ತು. ಈಗ ಪಾಯಸ ಆತು ನೋಡು."

ಅಷ್ಟರಲ್ಲಿ ಶಹನಾಜಬಿ ಜಾರುವ ಸೆರಗನ್ನು ತಲೆಗೆ ಒತ್ತಿ ಹಿಡಿದುಕೊಂಡು ಓಡಿಬಂದಳು. "ಅಯ್ಯ ಸುಂದ್ರಕ್ಕ, ಕಣ್ಣಿ ಹರಕೊಂಡು ಬಂದೈತ್ರಿ ಈ ಮೂಳ! ಎಲ್ಲಾ ಹಾಳ ಮಾಡ್ತಲ್ರಿ!"

"ಹಾಳೆಲ್ಲಿ ಮಾಡೈತಿ? ಒಂದ ಎಳಿ ಚೆಲ್ಲದ ತಿಂದೈತಿ. ಉಪ್ಪು ಹದಾ ಇತ್ತು ಕಾಣತೈತಿ."

"ನಾಳೆ ಮುಂಜಾನೆ ನಾನ ಬಂದು ಹೊಸೀತೇನ್ರಿ."

"ಬಾ ಯವ್ವಾ. ಇದನ್ನ ಮಾತ್ರ ಜೋಡಿ ಕರಕೊಂಡು ಬರಬ್ಯಾಡ."

ಇಬ್ಬರೂ ನಕ್ಕರು. ಶಹನಾಜಬಿ ಎಮ್ಮೆಯನ್ನು ಎಳೆದುಕೊಂಡು ಹೋದಳು. ನಂದಾಳಿಗೆ ಮಾತ್ರ ನಗು ಬರಲಿಲ್ಲ. ಬರಿದಾದ ಹೊರಸಿನ ಅಂಚಿಗೆ ಕುಳಿತು ಕಣ್ಣು ಒರೆಸಿಕೊಂಡಳು. ಮನೆಯವರ ಮಾತು ಮೀರಿ, ಮೆಚ್ಚಿದ ಹುಡುಗ ಸಾಗರನನ್ನು ಅವಳು ಮದುವೆಯಾದಾಗಿನಿಂದ ಯಮಕನಮರಡಿಯ ಅಪ್ಪ ಮಾಳಪ್ಪ ಮಗಳ ದನಿ ಕೇಳಿದೊಡನೆ ಫೋನು ಇಟ್ಟುಬಿಡುತ್ತಿದ್ದ. ಪತ್ರವಾದರೂ ಓದಿಯಾನು ಎಂದು ದೀಪಾವಳಿಗೆ ಬರೆದಿಟ್ಟಳು. ಮೊದಲು ಅಮಾವಾಸ್ಯೆ ಅಡ್ಡ ಬಂತು, ಆಮೇಲೆ ಕಬ್ಬಿನ ಸುಗ್ಗಿ. ಕೊನೆಗೆ, ಅಪ್ಪನಿಗೆ ಶಾವಿಗೆಯೆಂದರೆ ಜೀವ, ಪತ್ರದ ಜೋಡಿ ಅದನ್ನೂ ಕಳಿಸೋಣ ಎಂದು ಬೇಸಿಗೆಯ ಬಿಸಿಲಿಗೆ ಕಾದಳು.

"ಇದು ಶಕುನ ರೀ ಅತ್ತಿ. ಪತ್ರ ಕಳಸಬ್ಯಾಡ ಅಂತ ದೇವರು ಎಮ್ಮಿ ಕಳಿಸ್ಯಾನ."

"ದೇವರಿಗೆ ಬ್ಯಾರೆ ಕೆಲಸ ಇಲ್ಲೇನ? ಶಹನಾಜನ ಕಣ್ಣಿ ಹಳೇದಾಗಿತ್ತು, ಅಷ್ಟ."

"ಅಪ್ಪ ಓದದನ ಹರದ ಒಗದ್ರ?"

"ಒಗೀಲಿ."

"ಉತ್ತರಾನ ಬರಲಿಲ್ಲಂದ್ರ?"

"ಬರದಿದ್ರ ಬಿಡ್ಲಿ." ಸುಂದ್ರವ್ವ ಸೊಸೆಯ ಬಾಜೂ ಕುಳಿತಳು. "ಶಾವಿಗಿ ಹೊಸೆಯೂದು ನಿನ್ನ ಕೆಲಸ ಇತ್ತು, ಚಂದಂಗ ಹೊಸದಿ. ಯಾರ ತಿಂದ್ರು ಅನ್ನೂದು ನಿನ್ನ ಕೈಯಾಗ ಇತ್ತೇನ? ಪತ್ರಾನೂ ಹಂಗ. ಡಬ್ಬಿಗೆ ಹಾಕೂತನಾ ನಿಂದು. ಅಲ್ಲಿಂದ ಟಪಾಲಿನವರದು, ಮುಂದ ನಿಮ್ಮಪ್ಪಂದು. ಅವರ ಕೆಲಸಾನೂ ನೀನ ಮಾಡಿದ್ರ ಪಾಪ, ಅವರೇನ ಮಾಡಬೇಕು?"

"ನಿಮಗ ಎಂದೂ ಅಂಜಿಕಿ ಬರೂದಿಲ್ಲೇನ್ರಿ?"

"ಬರತೈತಿ. ಅದಕ್ಕೂ ಬೆಲ್ಲ ಕೊಡ್ತೇನಿ. ಬಾಯಾಗ ಬೆಲ್ಲ ಇರೂತನಾ ಅದು ಭಾಳ ಮಾತಾಡೂದಿಲ್ಲ."

ಬೇಲಿಯಾಚೆ ಎಮ್ಮೆ, ಏನೂ ನಡೆದೇ ಇಲ್ಲವೆಂಬಂತೆ, ಮೂಗಿಗೆ ಅಂಟಿದ ಬೆಲ್ಲವನ್ನು ನಿಧಾನವಾಗಿ ನೆಕ್ಕುತ್ತಿತ್ತು. ನಂದಾಳಿಗೆ ತಡೆದರೂ ತಡೆಯದೆ ನಗು ಬಂತು. ಎದ್ದು ಹೋಗಿ ಟ್ರಂಕಿನಿಂದ ಪತ್ರ ತೆಗೆದಳು, ಲಕೋಟೆ ಬಿಚ್ಚಿ ಓದಿದಳು. ಮೇಲಿಂದ ಕೆಳತನಕ ತಪ್ಪಾತು, ತಪ್ಪಾತು ಎಂಬುದೇ ಇತ್ತು. ಕೆಳಗೆ ಉಳಿದ ಜಾಗದಲ್ಲಿ ಬರೆದಳು: "ಅಪ್ಪಾ, ನಿಮಗಂತ ಮಾಡಿದ ಶಾವಿಗಿ ಎಮ್ಮಿ ತಿಂತು. ನಾಳೆ ಮತ್ತ ಹೊಸೀತೇವಿ. ಈ ಸಲ ಕಳಸೂದಿಲ್ಲ, ಇಲ್ಲೇ ಬಂದು ಉಣ್ರಿ."

ಅನ್ನದ ಅಗುಳು ಒತ್ತಿ ಲಕೋಟೆ ಅಂಟಿಸಿದಳು. ಅವಳು ಹೊಸ್ತಿಲು ದಾಟುವಾಗ ಸುಂದ್ರವ್ವ ಸೊಸೆಯ ಬಾಯಿಗೆ ಒಂದು ಚೂರು ಬೆಲ್ಲ ಹಾಕಿದಳು.

ದೀಪಾವಳಿಯಿಂದ ಟ್ರಂಕಿನಲ್ಲಿ ಕುಳಿತಿದ್ದ ಪತ್ರ ಓಣಿಯ ತುದಿಯ ಕೆಂಪು ಡಬ್ಬಿಯೊಳಗೆ ಟಪ್ಪೆಂದು ಬಿದ್ದಾಗ, ನಂದಾಳ ಬಾಯಲ್ಲಿ ಬೆಲ್ಲ ಇನ್ನೂ ಕರಗಿರಲಿಲ್ಲ.